ಬಳಸದ ಸ್ಟೆಪ್ನಿ ಸದಾ ಹೊಸದಾಗಿಯೇ ಇರುತ್ತದೆಯೇ?

"ಸ್ಟೆಪ್ನಿ ಒಮ್ಮೆಯೂ ಬಳಸಿಲ್ಲ, ಹೊಸದರಂತಿದೆ" ಎಂದು ನಮ್ಮಲ್ಲಿ ಹಲವರು ನಂಬುತ್ತೇವೆ. ಇದು ತಪ್ಪು.

ನಿಜ ಏನು?
ರಸ್ತೆಗೆ ಇಳಿಯದ ಟೈರಿನಿಂದಲೂ ಗಾಳಿ ನಿಧಾನವಾಗಿ ಸೋರುತ್ತದೆ. ರಬ್ಬರ್ ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಹೊತ್ತು ಸಾಗುವ ಕ್ಯಾಂಪರ್‌ವ್ಯಾನ್‌ಗೆ ಇಂಥ ಟೈರ್ ಹಾಕುವುದು ಅಪಾಯ. 100 ಲೀಟರ್ ನೀರೇ 100 ಕೆಜಿ ತೂಗುತ್ತದೆ!

ಹೊರಡುವ ಮುನ್ನ ಏನು ನೋಡಬೇಕು?
• ಗಾಳಿ: ವಾಹನದ ಕೈಪಿಡಿಯಲ್ಲಿ ಹೇಳಿದಷ್ಟು ಇದೆಯೇ?
• ವಯಸ್ಸು: ಟೈರಿನ ಬದಿಯಲ್ಲಿ, ಡಿಒಟಿ ಸಾಲಿನ ಕೊನೆಯ 4 ಅಂಕಿ ನೋಡಿ. 2319 ಎಂದರೆ 2019ರ 23ನೇ ವಾರ ತಯಾರಾದದ್ದು.
• ಜಾಗ: ಸ್ಟೆಪ್ನಿ ವ್ಯಾನಿನ ಅಡಿಯಲ್ಲಿದ್ದರೆ ಒಮ್ಮೆ ಇಳಿಸಿ ನೋಡಿ. ತುಕ್ಕು ಹಿಡಿದರೆ ದಾರಿಯಲ್ಲಿ ಕೆಳಗಿಳಿಯುವುದಿಲ್ಲ.
• ಜಾಕ್: ಸಾಮಾನು ತುಂಬಿದ ವ್ಯಾನನ್ನು ಎತ್ತುವಷ್ಟು ಬಲ ಅದಕ್ಕಿದೆಯೇ?
• ಸ್ಪ್ಯಾನರ್: ನಟ್‌ಗಳಿಗೆ ಸರಿಯಾಗಿ ಕೂರುತ್ತದೆಯೇ? ಲಾಕ್ ನಟ್ ಇದ್ದರೆ ಅದರ ಕೀಲಿ ಎಲ್ಲಿದೆ?

ನೆನಪಿಡಿ: ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಮೊದಲು ನಟ್ ಸಡಿಲಿಸಿ, ನಂತರವೇ ಎತ್ತಬೇಕು. ಜಾಕ್ ಮೇಲೆ ನಿಂತ ವ್ಯಾನಿನ ಕೆಳಗೆ ಎಂದೂ ತೂರಬೇಡಿ.

ಮನೆಯ ಮುಂದೆ ಇಷ್ಟನ್ನು ನೋಡಿಕೊಂಡರೆ, ಕತ್ತಲ ಹೆದ್ದಾರಿಯಲ್ಲಿ ಪರದಾಡುವುದು ತಪ್ಪುತ್ತದೆ.