ಹೋಟಲಿನಲ್ಲಿ ಗಿರಾಕಿಯ ಮರ್ಯಾದೆ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಮ್ಮಲ್ಲುಂಟು. ಮನೆಯಲ್ಲಿ ಉಣ್ಣುವವನಿಗೆ ಈ ಮಾತು ಸಾಕು. ಹೋಟಲಿನಲ್ಲಿಯಾದರೋ ಊಟವೂ ಒಂದು ನೋಟವೇ. ಅಲ್ಲಿ ಎದುರಿಗೊಬ್ಬ, ಪಕ್ಕಕ್ಕೊಬ್ಬ, ಬೆನ್ನ ಹಿಂದೆ ಜಾಗಕ್ಕಾಗಿ ಕಾದು ನಿಂತವನೊಬ್ಬ ಇರುತ್ತಾರೆ. ಇವರಲ್ಲಿ ಯಾರೂ ನೆಂಟರಲ್ಲ. ಯಾರೂ ಕರೆಸಿಕೊಂಡು ಬಂದವರಲ್ಲ. ಇಂಥ ಅಪರಿಚಿತರ ನಡುವೆ ಗಿರಾಕಿಯಾದವನು ಹೇಗೆ ನಡೆದುಕೊಳ್ಳಬೇಕು? ಇದು ಚಮಚ ಹಿಡಿಯುವ ಬಗೆಗೆ ಸಂಬಂಧಿಸಿದ ಸಣ್ಣ ಪ್ರಶ್ನೆಯೆಂದು ಹಲವರು ಭಾವಿಸಿರುವರು. ಇದರ ಹಿಂದಿರುವ 350 ವರ್ಷಗಳಿಗೂ ಮೀರಿದ ಚರಿತ್ರೆಯನ್ನು ನೋಡಿದರೆ ಪ್ರಶ್ನೆಯ ತಿರುಳು ಬೇರೆಯೆಂಬುದು ತಿಳಿದೀತು.

ಲಂಡನ್ ನಗರದಲ್ಲಿ ಮೊದಲ ಕಾಫಿಮನೆ ತೆರೆದುದು 1652ರಲ್ಲಿ. ಅದನ್ನು ನಡೆಸಿದವನು ಪಾಸ್ಕ್ವಾ ರೋಸೆ ಎಂಬುವನು. ಸ್ಮರ್ನಾ ಪಟ್ಟಣದಲ್ಲಿ ವ್ಯಾಪಾರಮಾಡುತ್ತಿದ್ದ ಆಂಗ್ಲ ವರ್ತಕನೊಬ್ಬನ ಪರಿಚಾರಕನಾಗಿದ್ದವನು. ಒಂದು ಪೆನ್ನಿ ಕೊಟ್ಟರೆ ಒಂದು ಬಟ್ಟಲು ಕಾಫಿ. ಜಮೀನ್ದಾರನೂ ಅಂಗಡಿಕಾರನೂ ಒಂದೇ ಬೆಂಚಿನ ಮೇಲೆ ಕೂಡುವ ಸಂದರ್ಭ ಒದಗಿತು. ಮನೆತನ, ಅಂತಸ್ತುಗಳಿಗೆ ತಕ್ಕಂತೆ ಪೀಠ ಹಂಚುತ್ತಿದ್ದ ಸಮಾಜಕ್ಕೆ ಇದು ಹೊಸ ತೊಡಕು. ಇದಕ್ಕೆ ಪರಿಹಾರವೆಂಬಂತೆ 1674ರಲ್ಲಿ ಕಾಫಿಮನೆಯ ನಿಯಮಗಳನ್ನು ಪದ್ಯರೂಪದಲ್ಲಿ ಅಚ್ಚುಮಾಡಿದ ಹಾಳೆಯೊಂದು ಹೊರಟಿತು.

ಆ ನಿಯಮಗಳಲ್ಲಿ ಮೊದಲನೆಯದೇ ಜಾಗದ ವಿಷಯ. ಬಂದವನು ಖಾಲಿಯಿರುವ ಪೀಠದಲ್ಲಿ ಕೂಡಬೇಕು. ದೊಡ್ಡವರು ಬಂದರೆಂದು ಯಾರೂ ಏಳಬೇಕಾಗಿಲ್ಲ. ಆಣೆಯಿಟ್ಟು ಬೈದವನಿಗೆ ಹನ್ನೆರಡು ಪೆನ್ನಿ ದಂಡ. ಜಗಳ ತೆಗೆದವನು ಅಲ್ಲಿದ್ದವರಿಗೆಲ್ಲ ಒಂದೊಂದು ಬಟ್ಟಲು ಕಾಫಿ ಕೊಡಿಸಬೇಕು. ಗಟ್ಟಿಯಾಗಿ ವಾದಿಸಕೂಡದು, ಇಸ್ಪೀಟು, ಪಗಡೆ ಆಡಕೂಡದು, ಹೊತ್ತು ಮೀರಿ ಕೂಡಕೂಡದು. ಕೊನೆಯದಾಗಿ, ಕೇಳಿ ತರಿಸಿಕೊಂಡುದಕ್ಕೆ ಹಣ ಕೊಟ್ಟು ಹೋಗಬೇಕು. ಕುಡಿಯುವಾಗ ಸದ್ದು ಮಾಡಬಾರದು, ಬಟ್ಟಲನ್ನು ಹೀಗೆ ಹಿಡಿಯಬೇಕು ಎಂಬ ಮಾತು ಇದರಲ್ಲಿ ಇಲ್ಲ. ಇದ್ದುದೆಲ್ಲ ಪಕ್ಕದವನ ನೆಮ್ಮದಿಗೆ ಸಂಬಂಧಿಸಿದ್ದು. ಆದರೆ ಈ ಸಮಾನತೆಗೂ ಒಂದು ಎಲ್ಲೆಯಿತ್ತು: ಹೆಂಗಸರು ಸಾಮಾನ್ಯವಾಗಿ ಅಲ್ಲಿಗೆ ಗಿರಾಕಿಗಳಾಗಿ ಬರುತ್ತಿರಲಿಲ್ಲ.

ಪ್ಯಾರಿಸ್ಸಿನಲ್ಲಿ 1760ರ ದಶಕದಲ್ಲಿ ರೆಸ್ಟೋರೆಂಟು ತಲೆಯೆತ್ತಿತು. ಆ ಹೆಸರು ಮೊದಲು ಸಲ್ಲುತ್ತಿದ್ದುದು ದೇಹಕ್ಕೆ ಬಲಕೊಡುವ ಮಾಂಸದ ಸಾರಿಗೆ. ಬಳಿಕ ಅದನ್ನು ಮಾರುವ ಮನೆಗೂ ಅದೇ ಹೆಸರಾಯಿತು. ಹಿಂದಿನ ವಸತಿಗೃಹಗಳಲ್ಲಿ ಎಲ್ಲರಿಗೂ ಒಂದೇ ದೊಡ್ಡ ಮೇಜು, ಒಂದೇ ಹೊತ್ತು; ಕೈಚುರುಕಿದ್ದವನಿಗೆ ಒಳ್ಳೆಯ ತುಂಡು. ಹೊಸ ಮನೆಯಲ್ಲಿ ಬೇರೆ ಬೇರೆ ಮೇಜುಗಳು, ಬೇಕಾದುದನ್ನು ಆರಿಸಿಕೊಳ್ಳಲು ಬೆಲೆ ಸಹಿತವಾದ ಪಟ್ಟಿ. ಇದರಿಂದ ಕಿತ್ತಾಟ ತಪ್ಪಿತು. ಜೊತೆಗೇ ಹೊಸ ಕೇಡೊಂದು ಹುಟ್ಟಿತು: ಹಣ ಕೊಡುವವನು ನಾನು, ಆದುದರಿಂದ ಬಡಿಸುವವನು ನನ್ನ ಆಳು ಎಂಬ ಭಾವನೆ. ಹೀಗೆ ಲಂಡನ್ನಿನ ಕಾಫಿಮನೆ ಎತ್ತಿದುದು ಪಕ್ಕದಲ್ಲಿ ಕುಳಿತವನ ಪ್ರಶ್ನೆಯನ್ನು. ಪ್ಯಾರಿಸ್ಸಿನ ಮನೆ ಎತ್ತಿದುದು ಬಡಿಸುವವನ ಪ್ರಶ್ನೆಯನ್ನು. ನಮ್ಮ ಹೋಟಲುಗಳಿಗೆ ಎರಡೂ ಒಟ್ಟಿಗೆ ಎದುರಾದುವು.

ನಮ್ಮಲ್ಲಿ ಮೊದಲೇ ಪಂಕ್ತಿಯ ಮರ್ಯಾದೆಯೆಂಬುದಿತ್ತು. ಎಲ್ಲರಿಗೂ ಬಡಿಸಿದ ಮೇಲೆ ತುತ್ತೆತ್ತುವುದು, ಎಲ್ಲರೂ ಮುಗಿಸಿದ ಮೇಲೆ ಏಳುವುದು, ಒಬ್ಬನಿಗೆ ತುಪ್ಪ ಹೆಚ್ಚು ಬಡಿಸಿ ಇನ್ನೊಬ್ಬನಿಗೆ ಕಡಿಮೆ ಮಾಡುವುದನ್ನು ಪಂಕ್ತಿಭೇದವೆಂದು ನಿಂದಿಸುವುದು, ಇವೆಲ್ಲ ಒಳ್ಳೆಯ ಸಂಪ್ರದಾಯಗಳೇ. ಆದರೆ ಪಂಕ್ತಿಯೊಳಗೆ ಯಾರನ್ನು ಕೂರಿಸಬೇಕೆಂಬುದನ್ನು ಜಾತಿ ಮೊದಲೇ ನಿರ್ಣಯಿಸಿರುತ್ತಿತ್ತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಮೈಸೂರು, ಬೆಂಗಳೂರು, ಮದರಾಸುಗಳಲ್ಲಿ ಕಾಫಿ ಕ್ಲಬ್ಬುಗಳು ಹೆಚ್ಚಿದಾಗ ಬ್ರಾಹ್ಮಣರ ಹೋಟಲೆಂಬ ಹಲಗೆಗಳೂ ಕಾಣಿಸಿಕೊಂಡುವು. ಆ ಹಲಗೆ ಕೆಲವೆಡೆ ಅಡಿಗೆಯವನ ಜಾತಿಯನ್ನು ಹೇಳುತ್ತಿತ್ತು, ಕೆಲವೆಡೆ ಉಣ್ಣುವವನ ಜಾತಿಯನ್ನು. ಅಸ್ಪೃಶ್ಯರೆನಿಸಿಕೊಂಡವರಿಗೆ ಎಷ್ಟೋ ಕಡೆ ಬಾಗಿಲಾಚೆಯೇ ನಿಲ್ಲಿಸಿ, ಬೇರೆ ಇಟ್ಟ ಲೋಟದಲ್ಲಿ ಕಾಫಿ ಹೊಯ್ಯುತ್ತಿದ್ದರು. ಮದರಾಸು ಪ್ರಾಂತದ ರೈಲು ನಿಲ್ದಾಣಗಳ ಉಪಾಹಾರ ಗೃಹಗಳಲ್ಲಿದ್ದ ಪಂಕ್ತಿಭೇದ, ಪೆರಿಯಾರ್ ರಾಮಸ್ವಾಮಿಯವರ ಚಳವಳಿಯ ಫಲವಾಗಿ 1941ರಲ್ಲಿ ಕೊನೆಗೊಂಡಿತು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು 15ನೆಯ ಅನುಚ್ಛೇದದಲ್ಲಿ ಸಾರ್ವಜನಿಕ ಉಪಾಹಾರ ಗೃಹಗಳ ಹೆಸರನ್ನೇ ಎತ್ತಿ, ಜಾತಿಮತಗಳ ಕಾರಣದಿಂದ ಯಾರಿಗೂ ಪ್ರವೇಶ ತಪ್ಪಿಸಕೂಡದೆಂದು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟಲಿನಲ್ಲಿಟ್ಟ ಪಾತ್ರೆಗಳನ್ನು ಬಳಸಲು ಅಡ್ಡಿಮಾಡುವುದನ್ನೂ ಅಪರಾಧವೆಂದಿತು. ರಾಷ್ಟ್ರದ ಶಾಸನವು ಒಂದು ಲೋಟದ ಮಟ್ಟಕ್ಕೆ ಇಳಿದು ಬರಬೇಕಾಯಿತೆಂದರೆ, ಆ ಲೋಟದಲ್ಲಿದ್ದ ಅವಮಾನ ಎಷ್ಟು ದೊಡ್ಡದಾಗಿದ್ದಿರಬೇಕು!

ಬಡಿಸುವವನ ಮಾತು ಉಳಿಯಿತು. ಕರಾವಳಿಯಿಂದ ಬಂದ ಎಳೆಯ ಮಾಣಿಗಳು ನಮ್ಮ ಹೋಟಲುಗಳಲ್ಲಿ ಬಹುಕಾಲ ದುಡಿದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟಲು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ನಿಷೇಧ ಜಾರಿಗೆ ಬಂದುದು 2006ರ ಅಕ್ಟೋಬರ್ 10ರಂದು. ಆದರೂ ನರೆತ ಕೂದಲಿನ ಬಡಿಸುವವನನ್ನು ನಮ್ಮಲ್ಲಿ ಅನೇಕರು ಚಿಟಿಕೆ ಹೊಡೆದು, ಏಕವಚನದಲ್ಲಿ ಕರೆಯುವುದುಂಟು. ಸಾಂಬಾರು ತಣ್ಣಗಾಗಿದ್ದರೆ ಅದು ಅಡಿಗೆಮನೆಯ ತಪ್ಪಾಗಿದ್ದೀತು. ಬೈಗುಳ ಮಾತ್ರ ತಟ್ಟೆ ತಂದವನ ಪಾಲಿಗೆ.

ಶಾಸನವು ಬಾಗಿಲನ್ನು ತೆರೆಸಬಲ್ಲುದು, ಪಕ್ಕದವನಿಗಾಗಿ ಕುರ್ಚಿ ಸರಿಸಿಕೊಡುವಂತೆ ನಮ್ಮನ್ನು ಮಾಡಲಾರದು. ಆ ಭಾಗವು ಗಿರಾಕಿಗಳಾದ ನಮಗೇ ಸೇರಿದುದು. ನಿಂತು ಕಾದವನ ಮುಖವನ್ನು ಒಮ್ಮೆ ನೋಡಿ, ತಿಂಡಿ ಮುಗಿದೊಡನೆ ಎದ್ದು ಜಾಗಬಿಡುವುದು. ಮೇಜಿನ ಎದುರಿಗಿರುವವನ ಹೆಸರು, ಕುಲಗಳನ್ನು ಕೆದಕದಿರುವುದು. ಫೋನಿನಲ್ಲಿ ಮನೆವಾರ್ತೆಯನ್ನು ಊರಿಗೆಲ್ಲ ಕೇಳಿಸದಿರುವುದು. ತಟ್ಟೆಯಲ್ಲಿ ಕೈ ತೊಳೆಯದಿರುವುದು, ಏಕೆಂದರೆ ಅದನ್ನು ಎತ್ತುವವನೂ ಮನುಷ್ಯನೇ. ಬೇಕಾದುದನ್ನು "ತನ್ನಿ" ಎಂದು ಬಹುವಚನದಲ್ಲಿ ಕೇಳುವುದು. ಇವುಗಳಲ್ಲಿ ಒಂದಕ್ಕೂ ಬಿಲ್ಲಿನಲ್ಲಿ ಬೆಲೆ ಹಾಕುವುದಿಲ್ಲ. ಇವನ್ನು ಪಾಲಿಸಿದ ಗಿರಾಕಿಯನ್ನು ಯಜಮಾನನೂ ಬಡಿಸುವವನೂ ಪಕ್ಕದವನೂ ಮರುದಿನವೂ ಸಂತೋಷದಿಂದಲೇ ಬರಮಾಡಿಕೊಂಡಾರು.