ನಕ್ಷೆಯ ಮೇಲಿನ ಲೆಕ್ಕ: ರಾಷ್ಟ್ರೀಯ ಅಂಕಿಅಂಶಗಳಲ್ಲಿ ಜಿಐಎಸ್

ಜನಸಂಖ್ಯೆ, ಬೆಳೆ, ಕಾಡು, ಉದ್ಯೋಗ, ಯಾವುದರ ಅಂಕಿಅಂಶವೇ ಆಗಲಿ, ಅದು ಯಾವುದೋ ಒಂದು ಜಾಗಕ್ಕೆ ಸೇರಿರುತ್ತದೆ. ಆ ಜಾಗದ ಗಡಿಗಳನ್ನು ಅಕ್ಷಾಂಶ ರೇಖಾಂಶಗಳ ಸಮೇತ ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಬೇರೆ ಬೇರೆ ಮಾಹಿತಿಯನ್ನು ಪದರ ಪದರವಾಗಿ ಅದರ ಮೇಲೆ ಹೊಂದಿಸಿ ನೋಡುವ ವಿಧಾನವೇ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್. 1960ರ ದಶಕದಲ್ಲಿ ಕೆನಡಾದ ಭೂಬಳಕೆಯ ಲೆಕ್ಕಕ್ಕಾಗಿ ರೋಜರ್ ಟಾಮ್ಲಿನ್‌ಸನ್ ಇದನ್ನು ರೂಪಿಸಿದರು. ಅಮೆರಿಕದ ಜನಗಣತಿ ಇಲಾಖೆ 1990ರ ಗಣತಿಗೆ ಇಡೀ ದೇಶದ ರಸ್ತೆ, ಹೊಳೆ, ಗಡಿಗಳನ್ನು ‘ಟೈಗರ್’ ಎಂಬ ಒಂದೇ ಡಿಜಿಟಲ್ ನಕ್ಷೆಯಲ್ಲಿ ತುಂಬಿತು. ಬಣ್ಣದ ನಕ್ಷೆಗಳನ್ನು ಅಚ್ಚು ಹಾಕುವುದಷ್ಟೇ ಜಿಐಎಸ್‌ನ ಉಪಯೋಗ ಎಂದುಕೊಳ್ಳುವವರು ಬಹಳ. ಅದು ಕಟ್ಟಕಡೆಯ ಕೆಲಸ. ನಿಜವಾದ ಕೆಲಸ ಎಣಿಕೆ ಶುರುವಾಗುವ ಮುಂಚೆಯೇ ನಡೆದಿರುತ್ತದೆ.

ಗಣತಿಗೆ ಮೊದಲು ಗಡಿ

ಜನಗಣತಿಯಲ್ಲಿ ಎರಡು ಬಗೆಯ ತಪ್ಪು ಆಗಬಹುದು: ಒಂದು ಮನೆ ಯಾವ ಗಣತಿದಾರರ ಪಾಲಿಗೂ ಬಾರದೆ ಉಳಿಯುವುದು, ಇಲ್ಲವೇ ಇಬ್ಬರ ಪಾಲಿಗೂ ಬರುವುದು. ಇದನ್ನು ತಪ್ಪಿಸಲು ದೇಶದ ಪ್ರತಿ ಅಂಗುಲ ನೆಲವನ್ನೂ ಬ್ಲಾಕುಗಳಾಗಿ ಹಂಚಬೇಕು. ಭಾರತದ 2011ರ ಗಣತಿಯಲ್ಲಿ ಒಂದು ಬ್ಲಾಕಿಗೆ ಸುಮಾರು 600–650 ಜನ ಎಂಬ ಲೆಕ್ಕವಿತ್ತು. ಸುಮಾರು 27 ಲಕ್ಷ ಸಿಬ್ಬಂದಿ, ಅವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರು, ಕೆಲಸ ಮಾಡಿದರು. ಪ್ರತಿಯೊಬ್ಬ ಗಣತಿದಾರರೂ ತಮ್ಮ ಬ್ಲಾಕಿನ ನಕ್ಷೆಯನ್ನು ಕೈಯಲ್ಲೇ ಬರೆದರು: ರಸ್ತೆ, ಕೆರೆ, ಗುಡಿ, ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ. ಹಳ್ಳಿಯಲ್ಲಿ ಈ ಕೈನಕ್ಷೆ ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಬರುವುದು ಊರಿನ ಅಂಚಿನಲ್ಲಿ. ಹೊಲವಿದ್ದಲ್ಲಿ ಲೇಔಟ್ ಎದ್ದಿರುತ್ತದೆ, ಗಡಿಯೆಂದು ಬರೆದಿದ್ದ ಹಳ್ಳ ಮುಚ್ಚಿಹೋಗಿರುತ್ತದೆ. ಹಳೆಯ ನಕ್ಷೆಯ ಮೇಲೆ ಹೊಸ ಉಪಗ್ರಹ ಚಿತ್ರವನ್ನು ಹಾಸಿದರೆ ಎಲ್ಲಿ ಮನೆಗಳು ಹೆಚ್ಚಿವೆ, ಯಾವ ಬ್ಲಾಕನ್ನು ಒಡೆಯಬೇಕು ಎಂಬುದು ಕಚೇರಿಯಲ್ಲಿ ಕೂತೇ ತಿಳಿಯುತ್ತದೆ.

2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡ ಗಣತಿಗೆ ಮೊಬೈಲ್ ಆ್ಯಪ್, ಕಟ್ಟಡಗಳ ಜಿಯೊಟ್ಯಾಗಿಂಗ್ ಹಾಗೂ ಬ್ಲಾಕುಗಳನ್ನು ತೆರೆಯ ಮೇಲೆಯೇ ಗುರುತಿಸುವ ವೆಬ್ ನಕ್ಷೆಯನ್ನು ಯೋಜಿಸಲಾಯಿತು. ಜೊತೆಗೆ, 2025ರ ಡಿಸೆಂಬರ್ 31ರ ನಂತರ ಗಣತಿ ಮುಗಿಯುವವರೆಗೆ ಜಿಲ್ಲೆ, ತಾಲ್ಲೂಕು, ಗ್ರಾಮಗಳ ಗಡಿ ಬದಲಿಸಬಾರದೆಂಬ ಸೂಚನೆಯೂ ರಾಜ್ಯಗಳಿಗೆ ಹೋಯಿತು. ಎಣಿಸುವಾಗ ಗಡಿ ಅಲುಗಾಡಿದರೆ ಯಾವ ಆ್ಯಪ್ ಇದ್ದೂ ಉಪಯೋಗವಿಲ್ಲ.

ಸಂಕೇತ ಸಂಖ್ಯೆ ಎಂಬ ಕೊಂಡಿ

ಹೊಸಹಳ್ಳಿ ಎಂಬ ಊರು ಕರ್ನಾಟಕದಲ್ಲಿ ಎಷ್ಟಿವೆಯೋ! ಹೆಸರನ್ನು ನಂಬಿ ಎರಡು ಇಲಾಖೆಗಳ ಪಟ್ಟಿಯನ್ನು ಜೋಡಿಸಲಾಗದು. ಆದ್ದರಿಂದ 2011ರ ಗಣತಿಯಲ್ಲಿ ದೇಶದ ಪ್ರತಿ ಹಳ್ಳಿಗೂ ಆರು ಅಂಕಿಯ, ಬೇರೆಲ್ಲೂ ಮರುಕಳಿಸದ ಸಂಕೇತ ಕೊಡಲಾಯಿತು. ರಾಜ್ಯಗಳಿಗೂ ಸಂಕೇತವಿದೆ; ಕರ್ನಾಟಕದ್ದು 29. ಅಂಗಡಿಯ ಬಿಲ್ಲಿನಲ್ಲಿ ಕಾಣುವ ಜಿಎಸ್‌ಟಿ ಸಂಖ್ಯೆ ನಮ್ಮಲ್ಲಿ 29ರಿಂದ ಶುರುವಾಗುವುದೂ ಜನಗಣತಿಯ ಇದೇ ಪಟ್ಟಿಯಿಂದ. ನಕ್ಷೆಯಲ್ಲಿರುವ ಹಳ್ಳಿಯ ಗಡಿಗೂ ಕೋಷ್ಟಕದಲ್ಲಿರುವ ಸಾಲಿಗೂ ಇರುವ ಕೊಂಡಿ ಈ ಸಂಖ್ಯೆ. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಬೇರೆ ಸಂಕೇತಗಳಿವೆ. ಎರಡನ್ನೂ ತಾಳೆ ಹಾಕುವುದು ಯಾರೂ ಹೊಗಳದ, ಆದರೆ ಬಿಟ್ಟರೆ ಎಲ್ಲವೂ ಕೆಡುವ ಕೆಲಸ.

ಜಿಲ್ಲೆ ಒಡೆದಾಗ

ಕರ್ನಾಟಕದಲ್ಲಿ 1997ರವರೆಗೆ 20 ಜಿಲ್ಲೆಗಳಿದ್ದವು. ಆ ವರ್ಷ ಅವು 27 ಆದವು, 2007ರಲ್ಲಿ 29. ಯಾದಗಿರಿ ಸೇರಿ 2011ರ ಗಣತಿಯ ಹೊತ್ತಿಗೆ 30, ವಿಜಯನಗರ ಸೇರಿ 2021ರಲ್ಲಿ 31. ಇಷ್ಟು ಅದಲುಬದಲಾದರೆ ‘ಹತ್ತು ವರ್ಷದಲ್ಲಿ ಈ ಜಿಲ್ಲೆಯ ಸಾಕ್ಷರತೆ ಎಷ್ಟು ಏರಿತು’ ಎಂಬ ಸರಳ ಪ್ರಶ್ನೆಗೂ ಸರಳ ಉತ್ತರವಿರುವುದಿಲ್ಲ.

ಹರಪನಹಳ್ಳಿ ತಾಲ್ಲೂಕನ್ನೇ ನೋಡಿ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು, ಈಗ ವಿಜಯನಗರದಲ್ಲಿದೆ. 2011ರ ಪುಸ್ತಕದಲ್ಲಿ ಅದರ ಜನಸಂಖ್ಯೆ ದಾವಣಗೆರೆಯ ಮೊತ್ತದೊಳಗಿದ್ದರೆ, ಹೊಸಪೇಟೆ, ಕೂಡ್ಲಿಗಿ, ಹಡಗಲಿಗಳದ್ದು ಬಳ್ಳಾರಿಯ ಮೊತ್ತದಲ್ಲಿದೆ. ವಿಜಯನಗರ ಎಂಬ ಸಾಲೇ ಅಲ್ಲಿಲ್ಲ. ಆ ಜಿಲ್ಲೆಗೆ ಹಿಂದಿನ ಅಂಕಿ ಬೇಕೆಂದರೆ 2011ರ ಗ್ರಾಮಮಟ್ಟದ ಕೋಷ್ಟಕಗಳಿಗೇ ಇಳಿದು, ಇಂದಿನ ಗಡಿಯೊಳಗೆ ಬೀಳುವ ಹಳ್ಳಿಗಳನ್ನು ಆರಿಸಿ ಹೊಸದಾಗಿ ಕೂಡಬೇಕು. ಜಿಐಎಸ್ ಇದ್ದರೆ ಇದು ಒಂದು ಹೊತ್ತಿನ ಕೆಲಸ. ಕಾಗದದ ನಕ್ಷೆಗಳನ್ನು ಹರಡಿಕೊಂಡು ಕೂತರೆ ವಾರಗಳೇ ಬೇಕು, ತಪ್ಪುಗಳೂ ನುಸುಳುತ್ತವೆ.

ಮಾದರಿ ಸಮೀಕ್ಷೆಯ ನಗರ

ನಿರುದ್ಯೋಗ, ಮನೆಖರ್ಚುಗಳ ಅಂಕಿಗಳು ಎಲ್ಲರನ್ನೂ ಕೇಳಿ ಬಂದವಲ್ಲ. ಮಾದರಿ ಸಮೀಕ್ಷೆಯಿಂದ ಬಂದವು. 1950ರಲ್ಲಿ ಪ್ರಶಾಂತ ಚಂದ್ರ ಮಹಲನೋಬಿಸ್ ಅವರ ಯೋಜನೆಯಂತೆ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ನಗರಗಳನ್ನು ಸಣ್ಣ ಬ್ಲಾಕುಗಳಾಗಿ ಗುರುತಿಸಿಟ್ಟು, ಅವುಗಳಿಂದ ಕೆಲವನ್ನು ಚೀಟಿ ಎತ್ತಿದಂತೆ ಆರಿಸುತ್ತದೆ. ಪಟ್ಟಿಯಲ್ಲೇ ಇಲ್ಲದ ಬಡಾವಣೆಗೆ ಆಯ್ಕೆಯಾಗುವ ಅವಕಾಶವೇ ಇಲ್ಲ. 2017–22ರ ಸುತ್ತಿನಲ್ಲಿ ಈ ಬ್ಲಾಕುಗಳನ್ನು ಇಸ್ರೋದ ಭುವನ್ ವೇದಿಕೆಯ ಮೇಲೆ ಡಿಜಿಟಲ್ ಆಗಿ ಗುರುತಿಸಲಾಯಿತು.

ಹೊಲದ ಲೆಕ್ಕ

ಬೆಳೆಯ ಉತ್ಪಾದನೆ ಎಂದರೆ ಬಿತ್ತಿದ ವಿಸ್ತೀರ್ಣವನ್ನು ಸರಾಸರಿ ಇಳುವರಿಯಿಂದ ಗುಣಿಸಿದ್ದು. ಇಳುವರಿ ತಿಳಿಯುವುದು ಬೆಳೆ ಕಟಾವು ಪ್ರಯೋಗದಿಂದ: ಆರಿಸಿದ ಹೊಲದಲ್ಲಿ ಒಂದು ಚೌಕ ಅಳೆದು, ಕೊಯ್ದು, ಬಡಿದು, ತೂಗುತ್ತಾರೆ. ವಿಸ್ತೀರ್ಣ ಮಾತ್ರ ಬಹುಕಾಲ ಪಹಣಿಯ ಬರಹವನ್ನೇ ನೆಚ್ಚಿಕೊಂಡಿತ್ತು. ಅದು ಎಷ್ಟು ನಿಖರ ಎಂಬುದು ಗ್ರಾಮ ಲೆಕ್ಕಿಗರು ನಿಜಕ್ಕೂ ಹೊಲಕ್ಕೆ ಹೋಗಿದ್ದರೇ ಎಂಬುದರ ಮೇಲೆ ನಿಂತಿತ್ತು. ಕರ್ನಾಟಕದ ಬೆಳೆ ಸಮೀಕ್ಷೆಯಲ್ಲಿ ಈಗ ಸರ್ವೆ ನಂಬರಿನ ಗಡಿಯೊಳಗೆ ನಿಂತು, ಮೊಬೈಲಿನಲ್ಲಿ ಬೆಳೆಯ ಫೋಟೊ ತೆಗೆದು ದಾಖಲಿಸಬೇಕು. 2020ರ ಮುಂಗಾರಿನಲ್ಲಿ ರೈತರೇ ಇದನ್ನು ಮಾಡುವ ಅವಕಾಶ ಸಿಕ್ಕಿತು. ಕೇಂದ್ರದಲ್ಲಿ 2012ರಿಂದ ಮಹಲನೋಬಿಸ್ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರ ಉಪಗ್ರಹದ ನೆರವಿನಿಂದ ಮುಖ್ಯ ಬೆಳೆಗಳನ್ನು ಅಂದಾಜಿಸುತ್ತಿದೆ.

ಉಪಗ್ರಹಕ್ಕೂ ಮಿತಿಗಳಿವೆ. ಮುಂಗಾರಿನ ಮೋಡ ಸಾಮಾನ್ಯ ಕ್ಯಾಮೆರಾಗೆ ಅಡ್ಡ ಬರುವುದರಿಂದ ಭತ್ತಕ್ಕೆ ರೇಡಾರ್ ಚಿತ್ರಗಳನ್ನು ಬಳಸುತ್ತಾರೆ. ಆದರೆ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕಿದ ಹೊಲವನ್ನು ಇಪ್ಪತ್ತು ಮೀಟರ್ ಚೌಕಗಳಲ್ಲಿ ನೋಡುವ ಉಪಗ್ರಹ ಬಿಡಿಸಿ ಹೇಳಲಾರದು. ಅಲ್ಲಿ ಹೊಲದ ಬದುವಿನ ಮೇಲೆ ನಿಂತವರ ಮಾತೇ ಲೆಕ್ಕ.

ಕಾಡು ಬೆಳೆದದ್ದೋ, ಕಣ್ಣು ಚುರುಕಾದದ್ದೋ

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 1987ರಿಂದ ಉಪಗ್ರಹ ಆಧಾರಿತ ವರದಿ ಕೊಡುತ್ತಿದೆ. 1999ರ ವರದಿಯಲ್ಲಿ ದೇಶದ ಅರಣ್ಯ ಹೊದಿಕೆ 6,37,293 ಚದರ ಕಿ.ಮೀ.; 2001ರದ್ದರಲ್ಲಿ 6,75,538. ಎರಡೇ ವರ್ಷದಲ್ಲಿ 38,000 ಚದರ ಕಿ.ಮೀ. ಕಾಡು ಮೂಡಿತೇ? ಹಿಂದೆ 25 ಹೆಕ್ಟೇರಿಗಿಂತ ಚಿಕ್ಕ ಹಸಿರು ತುಣುಕುಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ. 2001ರಲ್ಲಿ ಡಿಜಿಟಲ್ ವಿಶ್ಲೇಷಣೆಯಿಂದ 1 ಹೆಕ್ಟೇರಿನವೂ ಬಂದವು. ಏರಿಕೆಯ ಬಹುಪಾಲು ಹೀಗೆ ಅಳತೆಯಿಂದ ಬಂದದ್ದು.

ವ್ಯಾಖ್ಯೆಯೂ ಅಷ್ಟೇ ಮುಖ್ಯ. 1 ಹೆಕ್ಟೇರಿಗಿಂತ ಹೆಚ್ಚಿನ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ಸಾಕು, ಒಡೆಯರು ಯಾರೇ ಆಗಿರಲಿ, ಅದು ಅರಣ್ಯ ಹೊದಿಕೆ. ಹಾಗಾಗಿ ಕೊಡಗಿನ ಕಾಫಿ ತೋಟ, ಮಲೆನಾಡಿನ ಅಡಿಕೆ ತೋಟಗಳೂ ಈ ಅಂಕಿಯೊಳಗಿವೆ. ಅವನ್ನು ಕಾಡೆನ್ನಬೇಕೇ ಎಂಬುದನ್ನು ಜಿಐಎಸ್ ತೀರ್ಮಾನಿಸುವುದಿಲ್ಲ. ಆದರೆ ಪತ್ರಿಕೆಗಳ ತಲೆಬರಹದಲ್ಲಿ ಅರಣ್ಯ ಹೊದಿಕೆಗೂ ಕಾಡಿಗೂ ಇರುವ ವ್ಯತ್ಯಾಸ ಕಾಣುವುದೇ ಅಪರೂಪ.

ಸರಾಸರಿಯ ಒಳಗೆ

2011ರಲ್ಲಿ ಉತ್ತರ ಕನ್ನಡದ ಜನಸಾಂದ್ರತೆ ಚದರ ಕಿ.ಮೀ.ಗೆ 140. ಕುಮಟಾ, ಭಟ್ಕಳದ ಕರಾವಳಿಯ ಜನದಟ್ಟಣೆಗೂ ಜೊಯಿಡಾದ ಕಾಡಿಗೂ ಈ ಒಂದೇ ಅಂಕಿ. ಕಾಡು, ನೀರು, ಗುಡ್ಡಗಳ ಪದರವನ್ನು ಕಳೆದು, ಮನೆಗಳಿರುವ ನೆಲದ ಮೇಲಷ್ಟೇ ಜನರನ್ನು ಹಂಚಿ ತೋರಿಸುವ ನಕ್ಷೆ ಆಸ್ಪತ್ರೆ ಎಲ್ಲಿ ಬೇಕೆಂದು ಯೋಚಿಸುವವರಿಗೆ ಹೆಚ್ಚು ಉಪಯುಕ್ತ.

ಗೋಪ್ಯತೆಯ ಗೆರೆ

ಜಾಗ ಚಿಕ್ಕದಾದಷ್ಟೂ ವ್ಯಕ್ತಿ ಬಯಲಾಗುತ್ತಾನೆ. ಮೂರು ಮನೆಗಳ ಚೌಕದಲ್ಲಿ ‘ಒಬ್ಬ ವಿಧವೆ, ವಯಸ್ಸು 70’ ಎಂದರೆ ಹೆಸರು ಹೇಳಬೇಕಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಗಣತಿಯ ವೈಯಕ್ತಿಕ ದಾಖಲೆಗಳನ್ನು ಯಾರೂ ನೋಡುವಂತಿಲ್ಲ. ಮನೆಯ ಅಕ್ಷಾಂಶ ರೇಖಾಂಶವೂ ಅಂಥದ್ದೇ ದಾಖಲೆ. ಐರೋಪ್ಯ ಒಕ್ಕೂಟ 2021ರ ಗಣತಿಯ ಕೆಲವು ಅಂಕಿಗಳನ್ನು 1 ಕಿ.ಮೀ. ಚೌಕಗಳಲ್ಲಿ ಪ್ರಕಟಿಸಿದೆ. ತೀರ ಕಡಿಮೆ ಜನರಿರುವ ಚೌಕಗಳ ಅಂಕಿಯನ್ನು ಮರೆಮಾಡುವುದು ಅಥವಾ ಬೇಕೆಂದೇ ತುಸು ಏರುಪೇರು ಮಾಡುವುದು ಇಂಥ ಕಡೆ ಅನುಸರಿಸುವ ಕ್ರಮ. ಭಾರತದ 2011ರ ಅಂಕಿಗಳು ಹೊರಬಂದದ್ದು ಗ್ರಾಮ ಮತ್ತು ವಾರ್ಡ್ ಮಟ್ಟದವರೆಗೆ.