ಪೀಠದ ಮೇಲಿನ ಹೆಸರು

ಸೋಮನಾಥಪುರಕ್ಕೆ ಹೋದರೆ ವಿಗ್ರಹಗಳ ಪೀಠವನ್ನೂ ನೋಡಿ. ಮಲ್ಲಿತಮ್ಮ ಅನ್ನೋ ಶಿಲ್ಪಿಯ ಹೆಸರು ಅಲ್ಲಲ್ಲಿ ಸಿಗುತ್ತೆ. ಮಡಕೆ ಮಾಡಿದವರಿಗೆ ಈ ಭಾಗ್ಯ ಅಪರೂಪ.

ವಿಯೆಟ್ನಾಮಿನ ಹೊಯಿ ಆನ್ ಬಳಿ 15ನೇ ಶತಮಾನದಲ್ಲಿ ಮುಳುಗಿದ ಹಡಗಿನಿಂದ 1997-99ರಲ್ಲಿ ಸುಮಾರು ಎರಡೂವರೆ ಲಕ್ಷ ಪಿಂಗಾಣಿ ಪಾತ್ರೆ ಮೇಲೆತ್ತಿದರು. ಕೆಲವು ಮ್ಯೂಸಿಯಂ ಸೇರಿದವು, ಬಹಳಷ್ಟು 2000ದಲ್ಲಿ ಅಮೆರಿಕದಲ್ಲಿ ಹರಾಜಿಗೆ ಹೋದವು. ಚಿತ್ತಾರ ಬರೆದ ಕೈ ಯಾರದೋ!

ಆದರೆ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಅದೇ ನಾಡಿನ ಹೂಜಿಯೊಂದಿದೆ. ಅದರ ಮೇಲೆ ಇಸವಿ (ನಮ್ಮ ಲೆಕ್ಕದಲ್ಲಿ 1450), ಸೀಮೆಯ ಹೆಸರು, ಜೊತೆಗೆ 'ಬುಯಿ ತಮಾಷೆಗೆ ಬರೆದದ್ದು' ಅಂತಿದೆ. ಆ ಒಂದು ಸಾಲಿನ ಜಾಡು ಹಿಡಿದೇ 1986ರಲ್ಲಿ ಚು ದೌ ಹಳ್ಳಿಯಲ್ಲಿ ಅಗೆದರು, ಮರೆತೇಹೋಗಿದ್ದ ಆವಿಗೆಗಳು ಸಿಕ್ಕವು.

ನಿಮ್ಮೂರ ಗುಡಿಯಲ್ಲೂ ಇಂಥ ಅಕ್ಷರಗಳಿರಬಹುದು. ಸುಣ್ಣ ಬಳಿಯೋ ಮೊದಲು ಒಮ್ಮೆ ಓದಿ, ಬರೆದಿಡಿ.